ಬೆಣ್ಣೆಯಿಂದ ಬೆಳೆದ ಮಳಿಗೆ

ಬೆಂಗಳೂರಿನ ಹಳಬರಾದ ಗೃಹಸ್ಥರು ಇಂದಿಗೂ ಊರನ್ನು ಎರಡಾಗಿ ವಿಂಗಡಿಸಿ ಹೇಳುವುದುಂಟು. ಒಂದು ಪೇಟೆ, ಇನ್ನೊಂದು ದಂಡು. ಪೇಟೆಯು 1537ರಲ್ಲಿ ಕೆಂಪೇಗೌಡರು ಕಟ್ಟಿಸಿದುದೆಂದು ಪ್ರಸಿದ್ಧಿ. ಅಲ್ಲಿ ಒಂದೊಂದು ಬೀದಿಗೆ ಒಂದೊಂದು ಪದಾರ್ಥ. ಅಕ್ಕಿಗೆ ಅಕ್ಕಿಪೇಟೆ, ಬಳೆಗೆ ಬಳೇಪೇಟೆ, ಹತ್ತಿಗೆ ಅರಳೇಪೇಟೆ. ಮಗಳ ಮದುವೆಗೆ ಸಾಮಾನು ತರಹೊರಟ ಯಜಮಾನನು ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಹತ್ತು ಬೀದಿಗಳನ್ನು ಸುತ್ತಿ, ಹತ್ತು ಕಡೆ ಚೌಕಾಶಿ ಮಾಡಿ, ಕೊನೆಗೆ ಒಂದು ಜಟಕಾ ಗಾಡಿಯಲ್ಲಿ ಗಂಟುಗಳ ನಡುವೆ ತಾನೂ ಒಂದು ಗಂಟಾಗಿ ಮನೆ ಸೇರುತ್ತಿದ್ದನು. ದಂಡಿನ ರೀತಿ ಬೇರೆ. ಅದು 1809ರಲ್ಲಿ ಇಂಗ್ಲಿಷರು ಹಲಸೂರಿನ ಕಡೆಯಲ್ಲಿ ಸೈನ್ಯವನ್ನು ತಂದಿರಿಸಿದ ಮೇಲೆ ಹುಟ್ಟಿದ ಊರು. ನಾವು ವಾಸವಾಗಿರುವ ಬೆನ್ಸನ್ ಟೌನು ಆ ದಂಡಿನದೇ ಒಂದು ಬಡಾವಣೆ. ಇಲ್ಲಿಗೆ ಸಮೀಪದ ರೈಲು ನಿಲ್ದಾಣಕ್ಕೆ 1864ರಿಂದಲೂ 'ಬೆಂಗಳೂರು ದಂಡು' ಎಂದೇ ಹೆಸರು.

ಈ ದಂಡಿಗೆ ಬರುತ್ತಿದ್ದ ಸೈನ್ಯಾಧಿಕಾರಿಯು ಎರಡು ಮೂರು ವರ್ಷ ಇದ್ದು ಬೇರೆ ಕಡೆಗೆ ವರ್ಗವಾಗಿ ಹೋಗತಕ್ಕವನು. ಅವನ ಹೆಂಡತಿಗೆ ಈ ದೇಶದ ಭಾಷೆ ತಿಳಿಯದು, ಚೌಕಾಶಿ ತಿಳಿಯದು, ಯಾವ ಬೀದಿಯಲ್ಲಿ ಯಾವುದು ಸಿಕ್ಕುವುದೆಂಬುದೂ ತಿಳಿಯದು. ಆದಕಾರಣ ಸೂಜಿದಾರದಿಂದ ಮೊದಲ್ಗೊಂಡು ಕುದುರೆಯ ಜೀನಿನವರೆಗೆ ಎಲ್ಲವೂ ಒಂದೇ ಸೂರಿನ ಕೆಳಗೆ, ಬರೆದಿಟ್ಟ ಒಂದೇ ಬೆಲೆಗೆ ಸಿಕ್ಕುವ ಮಳಿಗೆಯು ಈ ಭಾಗದಲ್ಲಿ ಅವಶ್ಯವಾಯಿತು. ಅಮರಸಿಂಹನು ತನ್ನ ಕೋಶದಲ್ಲಿ ಅಂಗಡಿಗೆ ಆಪಣವೆಂದೂ ಅಂಗಡಿಗಳ ಸಾಲಿಗೆ ವಿಪಣಿಯೆಂದೂ ಹೆಸರುಗಳನ್ನು ಕೊಟ್ಟಿದ್ದಾನೆ. ವಿಪಣಿಯೆಲ್ಲವೂ ಒಂದೇ ಆಪಣದೊಳಗೆ ಅಡಗಬಹುದೆಂದು ಅವನೂ ಎಣಿಸಿರಲಾರನು. ಪಾಶ್ಚಾತ್ಯರಲ್ಲಿಯೂ ಇದು ಬಹಳ ಹಳೆಯ ಸಂಗತಿಯಲ್ಲ. 1852ರ ಸುಮಾರಿಗೆ ಪ್ಯಾರಿಸ್ ನಗರದಲ್ಲಿ ಬೂಸಿಕೋ ಎಂಬ ವರ್ತಕನು 'ಬೋ ಮಾರ್ಶೆ' ಎಂಬ ಅಂಗಡಿಗೆ ಸೇರಿ, ವಸ್ತುವಿನ ಮೇಲೆ ಬೆಲೆಯನ್ನು ಬರೆದಿಡುವುದು, ಮನಸ್ಸಿಗೆ ಒಪ್ಪದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುವುದು ಎಂಬ ಎರಡು ನಿಯಮಗಳಿಂದಲೇ ಅದನ್ನು ಅರಮನೆಯಷ್ಟು ದೊಡ್ಡದಾಗಿ ಬೆಳೆಯಿಸಿದನು.

ನಮ್ಮ ದಂಡಿನಲ್ಲಿ ಇಂಥ ಮಳಿಗೆಗಳಿಗೆ ಕೊರತೆಯಿರಲಿಲ್ಲ. ಮದರಾಸಿನಲ್ಲಿ 1863ರಲ್ಲಿ ಆರಂಭವಾದ ಸ್ಪೆನ್ಸರ್ ಸಂಸ್ಥೆಯವರು ಇಲ್ಲಿಗೂ ಬಂದರು. ಅವರದು ದೊಡ್ಡ ಕಂಪೆನಿ. ಒಂದು ಮನೆತನದವರು ನಡೆಯಿಸಿದ ಮಳಿಗೆಯನ್ನು ಹೇಳಬೇಕಾದರೆ, ಸೇಂಟ್ ಮಾರ್ಕ್ಸ್ ರಸ್ತೆಯಲ್ಲಿದ್ದ 'ಇಂಗ್ಲಿಷ್ ವೇರ್‌ಹೌಸ್' ಎಂಬುದನ್ನು ಮೊದಲು ನೆನೆಯಬೇಕು. ಅದರ ಒಡೆಯರು ಕಚ್ಛಿ ಮೇಮನ್ ಜನಾಂಗದ ಹಾಜಿ ಸರ್ ಇಸ್ಮಾಯಿಲ್ ಸೇಠರು. 1859ರಲ್ಲಿ ಹುಟ್ಟಿ 1934ರಲ್ಲಿ ಕಾಲವಾದ ಈ ಮಹನೀಯರ ಮಳಿಗೆಯ ಹೆಸರನ್ನು ಇಂದು ಯಾರೂ ಹೇಳುವುದಿಲ್ಲ. ಆದರೆ ಶಿವಾಜಿನಗರದಲ್ಲಿ ಅವರು ಸ್ತ್ರೀಯರಿಗಾಗಿ 1925ರಲ್ಲಿ ಕಟ್ಟಿಸಿದ ಘೋಷಾ ಆಸ್ಪತ್ರೆಯನ್ನು ಅರಿಯದ ಮನೆ ಈ ಭಾಗದಲ್ಲಿಲ್ಲ. ನಮ್ಮ ಬೆನ್ಸನ್ ಟೌನಿಗೆ ನೆರೆಯಾದ ಫ್ರೇಜರ್ ಟೌನಿನ ಮಸೀದಿಯೂ ಅವರದೇ. ಅಂಗಡಿಯ ಲಾಭ ಎಲ್ಲಿಗೆ ಹೋಯಿತೆಂಬುದನ್ನು ನೋಡಿ ವರ್ತಕನ ಬೆಲೆ ಕಟ್ಟುವುದಾದರೆ, ಸೇಠರ ಲೆಕ್ಕವು ಚೊಕ್ಕಟವಾಗಿದೆ.

ಆದರೆ ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಹೊರಟಿರುವುದು ಇನ್ನೊಂದು ಮನೆತನದ ವೃತ್ತಾಂತ. ಇಂಗ್ಲಿಷರಿಗೆಂದು ತೆರೆದ ಅಂಗಡಿಗಳಲ್ಲಿ ಹಲವು ಅವರ ಕಾಲದೊಂದಿಗೇ ಮುಗಿದುವು. ಬ್ರಿಗೇಡ್ ರಸ್ತೆಯ ನೀಲಗಿರೀಸ್ ಮಾತ್ರ ಅವರು ಹೋದ ಮೇಲೆ ನಮ್ಮವರ ಅಂಗಡಿಯಾಗಿ ಬೆಳೆಯಿತು. ಅದು ಹೇಗಾಯಿತೆಂಬುದನ್ನು ತಿಳಿಯಲು ಬೆಂಗಳೂರನ್ನು ಬಿಟ್ಟು ನೀಲಗಿರಿಯ ಬೆಟ್ಟದವರೆಗೆ ಹೋಗಿಬರಬೇಕು.

ಕೊಯಮುತ್ತೂರಿನ ಬಯಲಿನಿಂದ ಕೂನೂರು, ಉದಕಮಂಡಲಗಳಿಗೆ ಇಂಗ್ಲಿಷರ ಕಾಗದಪತ್ರಗಳನ್ನೂ ಹಣದ ಚೆಕ್ಕುಗಳನ್ನೂ ಹೊತ್ತು ತಲಪಿಸುವ ಕೆಲಸದಲ್ಲಿದ್ದವರು ಮುತ್ತುಸ್ವಾಮಿ ಮುದಲಿಯಾರರು. ಕೂನೂರು ಸಮುದ್ರಮಟ್ಟಕ್ಕೆ ಸುಮಾರು 6,000 ಅಡಿ ಎತ್ತರದಲ್ಲಿದೆ. ಮೇಟ್ಟುಪಾಳೆಯದಿಂದ ಅಲ್ಲಿಗೆ ಹಲ್ಲುಗಂಬಿಯ ರೈಲು ನಡೆಯತೊಡಗಿದುದು 1899ರಲ್ಲಿ. ಉದಕಮಂಡಲದವರೆಗೆ ಅದು ಮುಟ್ಟಿದುದು 1908ರಲ್ಲಿ. ಅಂಥ ಬೆಟ್ಟದಲ್ಲಿ ಪರರ ಹಣವನ್ನು ಹೊರುವವನಿಗೆ ಕಾಲಿನ ಬಲಕ್ಕಿಂತ ಹೆಚ್ಚಾಗಿ ನಂಬಿಕೆಯ ಬಲ ಬೇಕು. ಹತ್ತು ಬಂಗಲೆಗಳ ಬಾಗಿಲುಗಳನ್ನು ತಟ್ಟುವವನಿಗೆ ಯಾವ ಮನೆಗೆ ಏನು ಬೇಕು, ಯಾವ ಮನೆಯವರು ಯಾವಾಗ ಹಣ ಕೊಡುತ್ತಾರೆ ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಮೂಲಧನ ಯಾವುದು? ಬೆಟ್ಟದ ಇಂಗ್ಲಿಷರೇ ಅವರಿಗೆ ವ್ಯಾಪಾರ ಮಾಡೆಂದು ಉತ್ತೇಜನ ಕೊಟ್ಟರು. 1905ರಲ್ಲಿ ಕೂನೂರಿನ ಸಮೀಪದ ವಣ್ಣಾರಪೇಟೆಯಲ್ಲಿ ಒಬ್ಬ ಇಂಗ್ಲಿಷರು ನಡೆಯಿಸುತ್ತಿದ್ದ ಬೆಣ್ಣೆಯ ವ್ಯಾಪಾರವನ್ನು ಮುದಲಿಯಾರರು ಕೊಂಡುಕೊಂಡರು. ಅಲ್ಲಿನ ಸಣ್ಣ ಅಂಗಡಿಯೇ 'ನೀಲಗಿರಿ ಡೇರಿ ಫಾರಂ' ಎಂಬ ಹೆಸರಿನ ಬೀಜ.

ಬೆಣ್ಣೆಯನ್ನು ಕೊಳ್ಳಲು ಬೆಟ್ಟಕ್ಕೇ ಏಕೆ ಹೋಗಬೇಕಾಗಿತ್ತು, ನಮ್ಮ ಹಳ್ಳಿಹಳ್ಳಿಯಲ್ಲಿಯೂ ಬೆಣ್ಣೆಯಿಲ್ಲವೇ ಎಂದು ನಮ್ಮ ವಾಚಕಿಯರು ಕೇಳಬಹುದು. ಯುಕ್ತವಾದ ಪ್ರಶ್ನೆ. ನಮ್ಮ ಬೆಣ್ಣೆಯು ಮೊಸರಿನ ಮಗಳು. ಹಾಲನ್ನು ಕಾಯಿಸಿ, ಆರಿಸಿ, ಹೆಪ್ಪುಹಾಕಿ, ಮಾರನೆಯ ಬೆಳಿಗ್ಗೆ ಕಡೆಗೋಲಿನಿಂದ ಕಡೆದು ತೆಗೆಯುತ್ತೇವೆ. ಅದು ಬಹುಮಟ್ಟಿಗೆ ತುಪ್ಪವಾಗಲೆಂದೇ ಹುಟ್ಟಿದುದು. ಸಂಸ್ಕೃತದಲ್ಲಿ ಇದಕ್ಕೆ ನವನೀತವೆಂಬ ಹೆಸರು ಎಲ್ಲರಿಗೂ ತಿಳಿದುದೇ. ಹೊಸದಾಗಿ ತೆಗೆದುದು ಎಂದರ್ಥ. ಹಿಂದಿನ ದಿನ ಕರೆದ ಹಾಲಿನಿಂದಾದುದಕ್ಕೆ ಹೈಯಂಗವೀನವೆಂಬ ಬೇರೊಂದು ಹೆಸರೂ ಉಂಟು. ಅದನ್ನು ಸಾಧಿಸಲು ಪಾಣಿನಿ ಮಹರ್ಷಿಯು ಒಂದು ಸೂತ್ರವನ್ನೇ ರಚಿಸಿದನು. ರಘುವಂಶದಲ್ಲಿ ದಿಲೀಪ ಮಹಾರಾಜನು ವಸಿಷ್ಠರ ಆಶ್ರಮಕ್ಕೆ ಹೋಗುವ ದಾರಿಯಲ್ಲಿ ಗೊಲ್ಲರ ಹಿರಿಯರು ಇದನ್ನೇ ಕಾಣಿಕೆಯಾಗಿ ತಂದರೆಂದು ಕಾಳಿದಾಸನು ವರ್ಣಿಸಿದ್ದಾನೆ. ಬೆಣ್ಣೆಯು ಎಷ್ಟು ಹೊತ್ತಿನದೆಂಬ ವಿಚಾರದಲ್ಲಿ ನಮ್ಮ ಪೂರ್ವಿಕರಿಗೆ ಇಷ್ಟು ಸೂಕ್ಷ್ಮ ದೃಷ್ಟಿಯಿದ್ದಿತು.

ಇಂಗ್ಲಿಷರ ಬೆಣ್ಣೆಯ ಹುಟ್ಟೇ ಬೇರೆ. ಅವರು ಹುಳಿಯಾಗದ ಹಾಲನ್ನು ಅಗಲವಾದ ಪಾತ್ರೆಯಲ್ಲಿ ಅಲುಗಿಸದೆ ಇಟ್ಟು, ಮೇಲೆ ತೇಲಿದ ಕೆನೆಯನ್ನಷ್ಟೇ ತೆಗೆದು ಕಡೆದು, ತಣ್ಣೀರಿನಲ್ಲಿ ತೊಳೆದು, ಉಪ್ಪು ಬೆರೆಸಿ, ರೊಟ್ಟಿಗೆ ಸವರಿಕೊಂಡು ತಿನ್ನುವವರು. ಬಯಲುಸೀಮೆಯ ಬಿಸಿಲಿಗೆ ಕೆನೆಯು ಮೇಲೇರುವ ಮೊದಲೇ ಹಾಲು ಕೆಟ್ಟುಹೋಗುವುದು. ಸ್ವೀಡನ್ ದೇಶದ ಲಾವಾಲನು 1878ರಲ್ಲಿ ಕೆನೆಯನ್ನು ತಿರುಗಿಸಿ ಬೇರ್ಪಡಿಸುವ ಯಂತ್ರವನ್ನು ನಿರ್ಮಿಸಿದ ಬಳಿಕ ಈ ಕಷ್ಟವು ಅರ್ಧಮಟ್ಟಿಗೆ ತೀರಿತು. ಆದರೆ ತೆಗೆದ ಬೆಣ್ಣೆಯು ಕರಗದೆ, ಕಮಟದೆ ಉಳಿಯಬೇಕಾದರೆ ತಂಪು ಬೇಕಾಗಿಯೇ ಇತ್ತು. ಕೂನೂರು ಆ ತಂಪನ್ನು ಬೆಲೆಯಿಲ್ಲದೆ ಕೊಡುತ್ತಿತ್ತು. ನೀಲಗಿರಿಯ ಬೆಣ್ಣೆಗೆ ಹೆಸರು ಬಂದುದು ಹೀಗೆ.

ಮೂವತ್ತು ವರ್ಷಗಳ ತರುವಾಯ, 1936ರಲ್ಲಿ, ಈ ಮನೆತನವು ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದಿತು. ಬೆಂಗಳೂರು ಸುಮಾರು 3,000 ಅಡಿ ಎತ್ತರದ ಊರು; ಬೆಟ್ಟದ ತಂಪಿಲ್ಲದಿದ್ದರೂ ಬಯಲಿನ ಉರಿಯೂ ಇಲ್ಲ. ಇದರ ಜೊತೆಗೆ, ಮುದಲಿಯಾರರು ಬೆಣ್ಣೆಯ ವ್ಯಾಪಾರವನ್ನು ಕೊಂಡ 1905ನೆಯ ಇಸವಿಯಲ್ಲಿಯೇ ಶಿವನಸಮುದ್ರದ ವಿದ್ಯುದ್ದೀಪವು ಬೆಂಗಳೂರಿನ ಬೀದಿಯಲ್ಲಿ ಬೆಳಗಿತ್ತು. ವಿದ್ಯುತ್ತಿದ್ದ ಕಡೆ ತಂಪನ್ನು ಯಂತ್ರದಿಂದ ಹುಟ್ಟಿಸಬಹುದು. ಆದುದರಿಂದ ಬೆಟ್ಟದ ಅಂಗಡಿಯು ಬೆಟ್ಟವನ್ನಿಳಿದು ಬರಲು ಯಾವ ಅಡ್ಡಿಯೂ ಇರಲಿಲ್ಲ.

ಬ್ರಿಗೇಡ್ ರಸ್ತೆಯನ್ನು ನೋಡದವರಿಗಾಗಿ ಎರಡು ಮಾತು. ಬೆನ್ಸನ್ ಟೌನಿನಿಂದ ಹೊರಟು ರೈಲಿನ ದಾರಿಯನ್ನು ದಾಟಿ, ಕ್ವೀನ್ಸ್ ರಸ್ತೆಯ ಮೇಲೆ ದಕ್ಷಿಣಕ್ಕೆ ಹೋದರೆ ಹೆಚ್ಚು ಕಡಮೆ ಒಂದು ಹರದಾರಿಯಲ್ಲಿ ಅದು ಸಿಕ್ಕುತ್ತದೆ. ಒಂದು ತುದಿಗೆ ಮಹಾತ್ಮಾ ಗಾಂಧಿ ರಸ್ತೆ. 1948ಕ್ಕೆ ಮೊದಲು ಅದಕ್ಕೆ ಸೌತ್ ಪೆರೇಡ್ ಎಂದು ಹೆಸರು. ಇನ್ನೊಂದು ತುದಿಗೆ ರೆಸಿಡೆನ್ಸಿ ರಸ್ತೆ. ಅಲ್ಲಿ ಮದರಾಸಿನ ಪಯೋನಿಯರ್ ದಳದ ಯೋಧರ ಸ್ಮಾರಕವು ನಿಂತಿದೆ. ಈ ಎರಡು ತುದಿಗಳ ನಡುವಿನ ಬೀದಿಯು ಬಹಳ ಕಾಲ ಸೈನಿಕರ ಸಂಜೆಯ ವಿಹಾರಸ್ಥಳವಾಗಿತ್ತು.

ಅಂಥ ಬೀದಿಯಲ್ಲಿ ಹಾಲು, ಬೆಣ್ಣೆ, ಕೆನೆಗಳೊಂದಿಗೆ ಬ್ರೆಡ್ಡು, ಕೇಕು, ಚಾಕೊಲೇಟುಗಳನ್ನು ಮಾಡಿ ಮಾರುವ ಅಂಗಡಿಯು ನಡೆಯದಿರುವುದೆಂತು? ಮೂರು ವರ್ಷಗಳಲ್ಲಿ ಎರಡನೆಯ ಮಹಾಯುದ್ಧವು ಒದಗಿತು. ಬೆಂಗಳೂರಿನಲ್ಲಿ ಸೈನ್ಯಗಳು ತುಂಬಿಕೊಂಡುವು. ಸೆರೆಸಿಕ್ಕಿದ ಇಟಲಿಯವರ ಶಿಬಿರಗಳು ಸಹ ಇಲ್ಲಿ ನಿರ್ಮಾಣವಾದುವು. ಕೊಳ್ಳುವವರಿಗೆ ಬರವಿರಲಿಲ್ಲ, ಬರವಿದ್ದುದು ಪದಾರ್ಥಕ್ಕೆ. ದಂಡಿನ ಅಂಗಡಿಗಳಿಗೆಲ್ಲ ಅದು ಸುಗ್ಗಿಯ ಕಾಲವೇ ಸರಿ.

ಸುಗ್ಗಿ ಮುಗಿಯುವುದೂ ಪ್ರಕೃತಿನಿಯಮವೇ. 1881ರಲ್ಲಿ ಮೈಸೂರು ಸಂಸ್ಥಾನವನ್ನು ಮಹಾರಾಜರಿಗೆ ಹಿಂದಕ್ಕೆ ಕೊಟ್ಟಾಗ ಇಂಗ್ಲಿಷರು ದಂಡಿನ ಭಾಗವನ್ನು ತಮ್ಮ ಅಧೀನದಲ್ಲಿಯೇ ಇಟ್ಟುಕೊಂಡಿದ್ದರು. 1947ನೆಯ ಜುಲೈ 26ರಂದು ಅದನ್ನು ಸಂಸ್ಥಾನಕ್ಕೆ ಒಪ್ಪಿಸಿದರು. 1949ರಲ್ಲಿ ಪೇಟೆಯ ಪುರಸಭೆಯೂ ದಂಡಿನ ಪುರಸಭೆಯೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಇಂಗ್ಲಿಷರು ಹಡಗು ಹತ್ತಿದರು. ಅವರ ಬೆನ್ನಿಗೇ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳೂ ದೂರದೇಶಗಳಿಗೆ ಹೊರಟುಹೋದುವು. ನೂರಮೂವತ್ತೆಂಟು ವರ್ಷಗಳಿಂದ ಯಾರನ್ನು ನಂಬಿ ದಂಡಿನ ಅಂಗಡಿಗಳು ಬಾಳಿದ್ದುವೋ ಅವರೇ ಇಲ್ಲವಾದರು. ಉಪ್ಪುಬೆಣ್ಣೆಯನ್ನೂ ಕೇಕನ್ನೂ ಇನ್ನು ಮೇಲೆ ಕೊಳ್ಳುವವರಾರು?

ಈ ಪ್ರಶ್ನೆಗೆ ಉತ್ತರವು ದಂಡಿನ ಪೂರ್ವದಿಕ್ಕಿನಿಂದ ಬಂದಿತೆಂದು ನಮ್ಮ ಅಭಿಪ್ರಾಯ. ಹಲಸೂರಿನಿಂದಾಚೆ 1940ರಲ್ಲಿ ವಿಮಾನ ಕಾರ್ಖಾನೆಯು ಸ್ಥಾಪಿತವಾಗಿತ್ತು. 1948ರಲ್ಲಿ ಕೃಷ್ಣರಾಜಪುರದ ಬಳಿ ಟೆಲಿಫೋನ್ ಕಾರ್ಖಾನೆ, 1953ರಲ್ಲಿ ಜಾಲಹಳ್ಳಿಯ ಕಡೆ ಗಡಿಯಾರಕ್ಕೆ ಮುಂದೆ ಪ್ರಸಿದ್ಧವಾದ ಎಚ್.ಎಂ.ಟಿ., ಮರುವರ್ಷ ಬಿ.ಇ.ಎಲ್. ಎಂಬ ರೇಡಿಯೋ ಕಾರ್ಖಾನೆ, ಹೀಗೆ ಒಂದರ ಹಿಂದೊಂದು ಹುಟ್ಟಿದುವು. ತಿಂಗಳ ಮೊದಲನೆಯ ತಾರೀಖಿನಂದು ತಪ್ಪದೆ ಸಂಬಳ ಬರುವ ಸಾವಿರಾರು ಸಂಸಾರಗಳು ಊರಿನಲ್ಲಿ ನೆಲಸಿದುವು. ಕನ್ನಡಿಗರು, ತಮಿಳರು, ಮಲೆಯಾಳಿಗಳು, ಪಂಜಾಬಿನಿಂದ ಬಂದವರು. ಇವರಲ್ಲಿ ಗಂಡಹೆಂಡಿರಿಬ್ಬರೂ ಓದಿದವರು, ಭಾನುವಾರ ಮಕ್ಕಳನ್ನು ಕರೆದುಕೊಂಡು ತಿರುಗಾಡಬಯಸುವವರು. ಇಂಗ್ಲಿಷರನ್ನೇ ಎದುರುನೋಡುತ್ತ ಕುಳಿತ ಅಂಗಡಿಯು ಮುಚ್ಚಿತು. ಈ ಹೊಸ ಗೃಹಸ್ಥನನ್ನು ಗುರುತಿಸಿದ ಅಂಗಡಿಯು ಉಳಿಯಿತು.

ನಾವು ಹುಡುಗರಾಗಿದ್ದಾಗ ನಮ್ಮಂಥವರ ಮನೆಗಳಲ್ಲಿ ಬ್ರೆಡ್ಡೆಂದರೆ ಜ್ವರದವರ ಆಹಾರ. ಡಾಕ್ಟರು ಹಾಲು ಬ್ರೆಡ್ಡು ಕೊಡಿ ಎಂದರೆ ಮಾತ್ರ ಅದು ಒಳಕ್ಕೆ ಬರುತ್ತಿತ್ತು. ಜ್ವರ ಬಿಟ್ಟೊಡನೆ ಅದೂ ಹೊರಟುಹೋಗುತ್ತಿತ್ತು. ಜ್ವರವಿಲ್ಲದ ತಮ್ಮನು ಆ ಬ್ರೆಡ್ಡಿಗಾಗಿ ತನಗೂ ಮೈ ಬಿಸಿಯಾಗಿದೆಯೆಂದು ಹೇಳಿಕೊಂಡು ಬರುವುದೂ ಉಂಟು. ಕೇಕಿನಲ್ಲಿ ಮೊಟ್ಟೆಯಿರುವುದೆಂಬ ಕಾರಣದಿಂದ ಅದರ ಹೆಸರನ್ನೇ ಎತ್ತದ ಮಡಿವಂತರ ಮನೆಗಳನ್ನು ನಾವು ಬಲ್ಲೆವು. ಅಂಥ ಮನೆಗಳಲ್ಲಿಯೂ ಬೆಣ್ಣೆಯ ವಿಷಯಕ್ಕೆ ಬಂದಾಗ ಅಜ್ಜಿಯರು ಮೃದುವಾಗುತ್ತಿದ್ದರು. ಬಾಗಿಲಿಗೆ ಬರುವ ಹಾಲಿನವನು ಹಾಲಿಗೆ ನೀರು ಹಾಕಿದನೋ, ನೀರಿಗೆ ಹಾಲು ಹಾಕಿದನೋ ಎಂದು ದಿನವೂ ಬೆಳಿಗ್ಗೆ ವಾಗ್ವಾದ ನಡೆಯುತ್ತಿದ್ದ ಕಾಲ ಅದು. ಬೆಂಗಳೂರಿನಲ್ಲಿ ಸರ್ಕಾರದ ಡೇರಿಯು ಆರಂಭವಾದುದೇ 1965ರಲ್ಲಿ. ತೂಕ ಸರಿಯಾಗಿದ್ದು, ಒಳಗೆ ಏನಿದೆಯೆಂದು ಹೊರಗೆ ಅಚ್ಚಾಗಿದ್ದು, ನಾಳೆಯೂ ಇಂದಿನಂತೆಯೇ ಇರುವ ಬೆಣ್ಣೆಯ ಪೊಟ್ಟಣವೆಂಬುದು ಸಾಮಾನ್ಯವಾದ ವಿಷಯವಾಗಿರಲಿಲ್ಲ. ಅಂಗಡಿಯ ಹೆಸರೇ ಪದಾರ್ಥಕ್ಕೆ ಜಾಮೀನು ನಿಂತುದು ಹೀಗೆ.

ಮುತ್ತುಸ್ವಾಮಿ ಮುದಲಿಯಾರರ ಮಗ ಚೆನ್ನಿಯಪ್ಪನವರ ಕಾಲದಲ್ಲಿ ಅಂಗಡಿಯ ಸ್ವರೂಪವೇ ಬದಲಾಯಿತು. ಅವರು ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ, ಅಲ್ಲಿನ ಸೂಪರ್ ಮಾರ್ಕೆಟ್ಟುಗಳನ್ನು ಕಣ್ಣಾರೆ ನೋಡಿಬಂದವರು. ಕೊಳ್ಳುವವರು ತಾವೇ ಕಪಾಟುಗಳ ನಡುವೆ ಸಂಚರಿಸಿ, ಬೇಕಾದುದನ್ನು ತಾವೇ ಎತ್ತಿಕೊಂಡು, ಕೊನೆಗೆ ಬಾಗಿಲ ಬಳಿ ಹಣ ತೆರುವ ಕ್ರಮವನ್ನು 1916ರಲ್ಲಿ ಅಮೆರಿಕದ ಮೆಂಫಿಸ್ ಎಂಬ ಊರಿನಲ್ಲಿ ಸಾಂಡರ್ಸ್ ಎಂಬವನು ಆರಂಭಿಸಿದನು. ಚಕ್ರದ ಬುಟ್ಟಿಯನ್ನು ತಳ್ಳಿಕೊಂಡು ಹೋಗುವ ಉಪಾಯವು 1937ರಲ್ಲಿ ಅದೇ ದೇಶದಲ್ಲಿ ಹೊಳೆಯಿತು. ಈ ಪದ್ಧತಿಯು ಬ್ರಿಗೇಡ್ ರಸ್ತೆಗೆ ಬಂದಾಗ ಅದು ನಮ್ಮ ದೇಶದಲ್ಲಿಯೇ ಅಪರೂಪವಾಗಿತ್ತು.

ಇದರಿಂದ ಅಂಗಡಿಯವನಿಗೆ ಆಳಿನ ಖರ್ಚು ಉಳಿಯುವುದೆಂದು ಲೆಕ್ಕಶಾಸ್ತ್ರದವರು ಹೇಳುವರು. ನಮಗೆ ತೋರುವ ಪ್ರಯೋಜನವು ಬೇರೆ. ಅದುವರೆಗೆ ಅಂಗಡಿಯೆಂದರೆ ನಡುವೆ ಒಂದು ಮೇಜು. ಈಚೆಗೆ ಕೊಳ್ಳುವವನು, ಆಚೆಗೆ ಮಾರುವವನು. ಕೇಳಿದ ಹೊರತು ವಸ್ತುವು ಕೈಗೆ ಬಾರದು. ಕೇಳಿದ ಮೇಲೆ ಕೊಳ್ಳದೆ ಹಿಂದಿರುಗಿದರೆ ಅಂಗಡಿಯವನ ಮುಖವು ಸಣ್ಣಗಾಗುವುದು. ಮಿತವಾದ ಸಂಬಳದ ಮನೆಯ ಗೃಹಿಣಿಯು ಇದಕ್ಕೆ ಅಂಜಿಯೇ ಎಷ್ಟೋ ಅಂಗಡಿಗಳ ಮೆಟ್ಟಲು ಹತ್ತುತ್ತಿರಲಿಲ್ಲ. ಮೇಜು ಹೋದ ಮೇಲೆ ಆಕೆಯು ಡಬ್ಬಿಯನ್ನು ಕೈಗೆತ್ತಿಕೊಂಡು, ಬೆಲೆಯನ್ನೋದಿ, ಮನಸ್ಸಿನಲ್ಲಿಯೇ ತಿಂಗಳ ಲೆಕ್ಕವನ್ನು ಕೂಡಿಸಿ ಕಳೆದು, ತಿರುಗಾ ಅಲ್ಲಿಯೇ ಇಟ್ಟುಬರಬಹುದಾಯಿತು. ಯಾರೂ ಕೇಳುವವರಿಲ್ಲ. ಬೇಡವೆನ್ನುವ ಸ್ವಾತಂತ್ರ್ಯವು ಇಷ್ಟು ಮರ್ಯಾದೆಯಾಗಿ ದೊರೆತುದು ಸಣ್ಣ ಸಂಗತಿಯೆಂದು ನಾವು ತಿಳಿಯುವುದಿಲ್ಲ. ಇದರ ಇನ್ನೊಂದು ಮುಖವೂ ಉಂಟು: ಬೇಡದ ನಾಲ್ಕು ವಸ್ತುಗಳು ಬುಟ್ಟಿಗೆ ಬಂದು ಬೀಳುವುದೂ ಇದೇ ಸ್ವಾತಂತ್ರ್ಯದಿಂದ, ತಿಂಗಳ ಕೊನೆಗೆ ಯಜಮಾನರ ಗೊಣಗಾಟವೂ ಅದರ ಫಲವೇ.

ಈ ಮಳಿಗೆಯ ಹೆಸರನ್ನು ಬೀದಿಯಾಚೆಗೆ ಹಬ್ಬಿಸಿದುದು ಇನ್ನೊಂದು ವಿನೋದ. 1975ರ ಕ್ರಿಸ್‌ಮಸ್ ಹಬ್ಬದ ಕಾಲದಲ್ಲಿ ನೀಲಗಿರೀಸ್‌ನಲ್ಲಿ ಸಿ. ರಾಮಚಂದ್ರನ್ ಅವರು ಸಕ್ಕರೆಯಿಂದಲೇ ಕಟ್ಟಡಗಳ ಪ್ರತಿರೂಪಗಳನ್ನು ರಚಿಸಿ ಪ್ರದರ್ಶನಕ್ಕಿಟ್ಟರು. ಮರುವರ್ಷ ಮತ್ತೆ, ಅದರ ಮರುವರ್ಷ ಮತ್ತೆ. ಜನ ಹೆಚ್ಚಿ ಹೆಚ್ಚಿ ಬ್ರಿಗೇಡ್ ರಸ್ತೆಯು ಸಾಲದೆ, ಪ್ರದರ್ಶನವು ಮುಂದೆ ಸೇಂಟ್ ಜೋಸೆಫ್ಸ್ ಇಂಡಿಯನ್ ಹೈಸ್ಕೂಲಿನ ಮೈದಾನಕ್ಕೆ ಹೋಯಿತು. 2024ರಲ್ಲಿ ಅದರ ಐವತ್ತನೆಯ ವರ್ಷದ ಉತ್ಸವವು ಜರುಗಿತು. ಸಕ್ಕರೆಯನ್ನು ನುಣ್ಣಗೆ ಬೀಸಿ, ಜೇಡಿಮಣ್ಣಿನಂತೆ ನಾದಿ, ಲಟ್ಟಿಸಿ, ಕತ್ತರಿಸಿ, ಕಂಬವಾಗಿಯೂ ಕಮಾನಾಗಿಯೂ ಜೋಡಿಸುವ ಈ ವಿದ್ಯೆಯು ನಮಗೆ ಅಷ್ಟು ಹೊಸದಲ್ಲ. ಸಂಕ್ರಾಂತಿಗೆ ಸಕ್ಕರೆಯ ಅಚ್ಚು ಹೊಯ್ಯುವ ಗೃಹಿಣಿಗೆ ಪಾಕವು ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಹೇಗೆ ಮುರಿಯುವುದೆಂದು ಗೊತ್ತು. ಆಕೆಯು ಆನೆ ಕುದುರೆ ಗೋಪುರಗಳನ್ನು ಹೊಯ್ದು ತಟ್ಟೆಯಲ್ಲಿಟ್ಟು ಹಂಚುತ್ತಾಳೆ. ಇವರು ಕೋಟೆಯನ್ನೂ ದೇಗುಲವನ್ನೂ ಆಳೆತ್ತರಕ್ಕೆ ಕಟ್ಟಿದರು. ನಾವು ಪಾಠಶಾಲೆಯ ಮಕ್ಕಳನ್ನು ಒಂದೆರಡು ಸಲ ಅದನ್ನು ನೋಡಲು ಕರೆದೊಯ್ದುದುಂಟು. ಇದನ್ನು ತಿನ್ನುವುದು ಯಾವಾಗ ಎಂದು ಕೇಳದ ಹುಡುಗನು ನಮಗೆ ಸಿಕ್ಕಲಿಲ್ಲ.

ಇಷ್ಟು ಹೇಳಿದ ಮೇಲೆ ಕಥೆಯ ಕಷ್ಟಭಾಗಕ್ಕೆ ಬರಬೇಕಾಗಿದೆ. ಒಂದು ಅಂಗಡಿಯಿದ್ದುದು ಹಲವಾಯಿತು; ಬೆಂಗಳೂರಿನಿಂದ ದಕ್ಷಿಣದ ಇತರ ಊರುಗಳಿಗೂ ಹೆಸರು ಹಬ್ಬಿತು. 1991ರ ಬಳಿಕ ದೇಶದ ವ್ಯಾಪಾರನೀತಿಯು ಸಡಿಲವಾಗಿ, ದೊಡ್ಡ ದೊಡ್ಡ ಬಂಡವಾಳದವರು ದಿನಸಿಯ ಅಂಗಡಿಗಳನ್ನು ತೆರೆಯಹೊರಟರು. ಹಳೆಯ ಮನೆತನದ ಅಂಗಡಿಗಳ ಮುಂದೆ ಎರಡೇ ದಾರಿಗಳು ಉಳಿದುವು: ತಾವೂ ಪರರ ಬಂಡವಾಳವನ್ನು ತಂದು ದೊಡ್ಡದಾಗುವುದು, ಇಲ್ಲವೇ ಸಣ್ಣದಾಗಿಯೇ ಉಳಿದು ಬಾಳುವಷ್ಟು ಕಾಲ ಬಾಳುವುದು.

ಇಲ್ಲಿ ಒಂದು ವಿಷಯವನ್ನು ಯೋಚಿಸತಕ್ಕದ್ದಿದೆ. ನಮ್ಮ ಕರ್ನಾಟಕದ ಕಲ್ಯಾಣಪಟ್ಟಣದಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಹುಟ್ಟಿದ ಮಾತ್ರಕ್ಕೆ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಎಂಬ ಅವನ ನಿರ್ಣಯವು ದೇಶದ ಬಹುಭಾಗದಲ್ಲಿ ಎಂಟುನೂರು ವರ್ಷಗಳಿಗೂ ಮೀರಿ ನಡೆಯಿತು. ಹೊಲವನ್ನು ಈ ನ್ಯಾಯದಿಂದ ಭಾಗಮಾಡಬಹುದು. ಬದುವೊಂದನ್ನು ಹಾಕಿದರೆ ಮುಗಿಯಿತು. ಒಡವೆಯನ್ನು ತೂಗಿ ಹಂಚಬಹುದು. ಅಂಗಡಿಯ ಹೆಸರನ್ನು ಹಂಚುವುದು ಹೇಗೆ? ತಂದೆಯೊಬ್ಬನು ಕಟ್ಟಿದ ಮಳಿಗೆಯು ಮಕ್ಕಳ ಕಾಲಕ್ಕೆ ಅಣ್ಣತಮ್ಮಂದಿರದಾಗುತ್ತದೆ. ಮೊಮ್ಮಕ್ಕಳ ಕಾಲಕ್ಕೆ ದಾಯಾದಿಗಳದಾಗುತ್ತದೆ. ಒಬ್ಬನು ಡಾಕ್ಟರಾಗಿರುತ್ತಾನೆ, ಒಬ್ಬಳು ಪರದೇಶದಲ್ಲಿರುತ್ತಾಳೆ. ಅವರಿಗೆ ಬೇಕಾದುದು ಪಾಲಿನ ಹಣವೇ ಹೊರತು ಬೆಳಗಿನ ಐದು ಗಂಟೆಗೆ ಹಾಲಿನ ಗಾಡಿಯ ಮುಂದೆ ನಿಲ್ಲುವ ಹಕ್ಕಲ್ಲ. ಇದರಲ್ಲಿ ತಪ್ಪೇನೂ ಇಲ್ಲ. ಚಿಕ್ಕಪೇಟೆಯ ಬಟ್ಟೆಯ ಅಂಗಡಿಯಾಗಲಿ ಬ್ರಿಗೇಡ್ ರಸ್ತೆಯ ಮಳಿಗೆಯಾಗಲಿ, ಮೂರನೆಯ ತಲೆಯಲ್ಲಿ ಈ ಪ್ರಶ್ನೆಯನ್ನು ಎದುರಿಸದ ಮನೆತನವು ದುರ್ಲಭ.

ನೀಲಗಿರೀಸ್ ವಿಷಯದಲ್ಲಿ ನಡೆದುದಿಷ್ಟು. 2006ರಲ್ಲಿ ಲಂಡನ್ನಿನ ಆಕ್ಟಿಸ್ ಎಂಬ ಬಂಡವಾಳ ಸಂಸ್ಥೆಯು ಅದರ ಅಧಿಕಾಂಶ ಪಾಲನ್ನು ಕೊಂಡಿತು. ಇಂಗ್ಲಿಷರಿಂದ ಕೊಂಡ ವ್ಯಾಪಾರವು ನೂರೊಂದು ವರ್ಷಗಳ ಮೇಲೆ ಇಂಗ್ಲಿಷರ ರಾಜಧಾನಿಯ ಸಂಸ್ಥೆಯೊಂದಕ್ಕೇ ಸೇರಿದುದು ವಿಧಿಯ ವಿನೋದವೆನ್ನಬೇಕು. ಅವರು ಅದನ್ನು ಇಟ್ಟುಕೊಳ್ಳಲು ಬಂದವರಲ್ಲ. ಬೆಳೆಯಿಸಿ ಮಾರುವುದೇ ಅವರ ವೃತ್ತಿಧರ್ಮ. 2014ರಲ್ಲಿ ಮುಂಬಯಿಯ ಫ್ಯೂಚರ್ ಸಮೂಹದವರು ಸುಮಾರು 300 ಕೋಟಿ ರೂಪಾಯಿಗಳಿಗೆ ಅದನ್ನು ಬಹುಮಟ್ಟಿಗೆ ಪೂರ್ಣವಾಗಿ ತೆಗೆದುಕೊಂಡರು. ಆಗ ದಕ್ಷಿಣದ ರಾಜ್ಯಗಳಲ್ಲಿ ನೂರಕ್ಕೂ ಮಿಕ್ಕ ಅಂಗಡಿಗಳು ಆ ಹೆಸರಿನಲ್ಲಿ ನಡೆಯುತ್ತಿದ್ದುವು. ದೇಶಕ್ಕೆಲ್ಲ ಅಂಗಡಿಯ ಪಾಠವನ್ನು ಹೇಳಿಕೊಟ್ಟವರೆಂದು ಹೊಗಳಿಸಿಕೊಂಡಿದ್ದ ಆ ಸಮೂಹವೇ ಸಾಲದ ಭಾರದಲ್ಲಿ ಕುಸಿದು, ಅದರ ಮುಖ್ಯ ಮಾರಾಟ ಸಂಸ್ಥೆಯು 2022ರಲ್ಲಿ ದಿವಾಳಿಯ ವಿಚಾರಣೆಗೆ ಗುರಿಯಾಯಿತು. ಬೆಟ್ಟದ ಹಾದಿಯಲ್ಲಿ ಪರರ ಹಣವನ್ನು ಕಾಸಿಗೆ ಕಾಸು ಒಪ್ಪಿಸುತ್ತಿದ್ದವರ ಹೆಸರಿನ ಅಂಗಡಿಯು ಹೀಗೆ ಕೈಯಿಂದ ಕೈಗೆ ಹೋಗಬೇಕಾಗಿ ಬಂದುದು ನಮ್ಮಂಥ ಹಳೆಯ ಗಿರಾಕಿಗಳಿಗೆ ಹಿತವಾದ ವಾರ್ತೆಯಾಗಿರಲಿಲ್ಲ.

ಆದರೆ ಇದರಲ್ಲಿ ಗಮನಿಸತಕ್ಕ ಇನ್ನೊಂದು ಅಂಶವುಂಟು. ಆ ನೂರಕ್ಕೂ ಮಿಕ್ಕ ಅಂಗಡಿಗಳಲ್ಲಿ ಬಹುಪಾಲು ಕಂಪೆನಿಯ ಸ್ವಂತದ್ದಲ್ಲ. ಹೆಸರು, ಫಲಕ ಮತ್ತು ಪದಾರ್ಥ ಕಂಪೆನಿಯವು. ಮಳಿಗೆ, ಬಂಡವಾಳ ಮತ್ತು ದುಡಿಮೆ ಆಯಾ ಬಡಾವಣೆಯ ಒಬ್ಬ ಗೃಹಸ್ಥನವು. ಇದಕ್ಕೆ ಫ್ರಾಂಚೈಸಿಯೆಂದು ಹೆಸರು. ಮೇಲೆ ಒಡೆತನವು ಲಂಡನ್ನಿಗೆ ಹೋಗಲಿ ಮುಂಬಯಿಗೆ ಹೋಗಲಿ, ಕೆಳಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ನೆರೆಮನೆಯವನೇ. ನಾವು ಇಂಥ ಒಂದೆರಡು ಅಂಗಡಿಗಳನ್ನು ಹತ್ತಿರದಿಂದ ಕಂಡಿದ್ದೇವೆ. ಬೆಳಿಗ್ಗೆ ಬಾಗಿಲು ತೆಗೆಯುವವನು ಗಂಡ. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಬಂದು ಕುಳಿತುಕೊಳ್ಳುವವಳು ಹೆಂಡತಿ. ಪರೀಕ್ಷೆ ಮುಗಿದ ಮಗನು ಕಪಾಟಿನಲ್ಲಿ ಹಳೆಯ ತಾರೀಖಿನ ಬ್ರೆಡ್ಡನ್ನು ತೆಗೆದು ಹೊಸದನ್ನು ಜೋಡಿಸುತ್ತಿರುತ್ತಾನೆ. ಪರಿಚಯದ ಮುದುಕಿಯರು ಬಂದರೆ ಕುರ್ಚಿ ಹಾಕುತ್ತಾರೆ. ಚಿಲ್ಲರೆ ಸಾಲದಿದ್ದರೆ 'ನಾಳೆ ಕೊಡಿ ಅಜ್ಜಿ' ಎನ್ನುತ್ತಾರೆ. ಗಲ್ಲಾಪೆಟ್ಟಿಗೆಯ ಯಂತ್ರಕ್ಕೆ ಇದನ್ನು ಯಾರೂ ಕಲಿಸಿಲ್ಲ.

ಬೆಣ್ಣೆಯ ಪೊಟ್ಟಣದ ಮೇಲೆಯೂ ಫಲಕದ ಮೇಲೆಯೂ ಹೆಸರಿನ ಜೊತೆಗೆ 1905 ಎಂಬ ಅಂಕಿಯನ್ನು ಹಾಕುವ ರೂಢಿಯು ಈಚಿನ ವರ್ಷಗಳಲ್ಲಿ ಬಂದಿತು. ಅಂಥ ಒಂದು ಅಂಗಡಿಯಲ್ಲಿ ಆ ಅಂಕಿಯು ಏನೆಂದು ನಾವು ಅಂಗಡಿಯವನ ಮಗನನ್ನು ಕೇಳಿದೆವು. ಅವನು ಪೊಟ್ಟಣವನ್ನು ತಿರುಗಿಸಿ ನೋಡಿ, ಬೆಲೆಯಲ್ಲ, ತೂಕವೂ ಅಲ್ಲವೆಂದು ನಿಶ್ಚಯ ಮಾಡಿಕೊಂಡು, 'ಅಂಗಡಿ ಶುರುವಾದ ವರ್ಷ ಇರಬೇಕು ಸಾರ್. ಆದರೆ ನಮ್ಮಪ್ಪ ಶುರುಮಾಡಿ ಎಂಟೇ ವರ್ಷ' ಎಂದನು.